ಖಾರದ ಪುಡಿ ವಶ

ಹುಬ್ಬಳ್ಳಿಯಲ್ಲಿ ಯಾರಿಗಾದರೂ ಚಾಕು ಬಿದ್ದ ದಿನ ಬ್ಯಾಡಗಿಯ ಹೊಳಿಯಪ್ಪನ ಮನೆಯಲ್ಲಿ ಊಟ ತಡವಾಗುತ್ತಿತ್ತು. ಫಕ್ಕೀರವ್ವ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಮೇಲೊಂದು ಅರಿವೆ ಮುಚ್ಚಿ, ಗಂಡನನ್ನು ಒಂದು ಸಲ ಕರೆದು, ಎರಡು ಸಲ ಕರೆದು, ಮೂರನೇ ಸಲಕ್ಕೆ ತಾಟನ್ನೇ ತಂದು ಟೀವಿ ಮುಂದೆ ಕುಕ್ಕುತ್ತಿದ್ದಳು. ಹೊಳಿಯಪ್ಪ ತಾಟಿನ ಕಡೆ ನೋಡುತ್ತಿರಲಿಲ್ಲ. ಬಾಯಿಗೆ ಹೋಗುತ್ತಿರುವುದು ಪುಂಡಿಪಲ್ಯವೋ ಝುಣಕವೋ ಅವನಿಗೆ ತಿಳಿಯುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು.

ಮೂವತ್ತು ವರ್ಷ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದ ಮನುಷ್ಯ. ಬೆನ್ನು ಹಿಡಿದುಕೊಂಡ ಮೇಲೆ ಕೊಕ್ಕಿಯನ್ನು ಮಗನ ಕೈಗೆ ಕೊಟ್ಟು ತಾನು ಮನೆ ಹಿಡಿದ. ಕೊಕ್ಕಿ ಅಂದರೆ ಚೀಲಕ್ಕೆ ಸಿಗಿಸಿ ಎಳೆಯುವ ಕಬ್ಬಿಣದ ಕೊಂಡಿ. ಅದಿಲ್ಲದೆ ಹಮಾಲ ಚೀಲ ಮುಟ್ಟಲಾರ. ಮನೆ ಹಿಡಿದವನಿಗೆ ಮಗಳು ಒಂದು ಫೋನು ಕೊಡಿಸಿದಳು, ಪಕ್ಕದ ಮನೆಯ ಹಾಲಸಿದ್ದಪ್ಪ ಅವನನ್ನು 'ಬ್ಯಾಡಗಿ ಜಾಗೃತ ಜನ' ಅನ್ನುವ ವಾಟ್ಸಾಪ್ ಗುಂಪಿಗೆ ಸೇರಿಸಿದ. ಅಲ್ಲಿಂದ ಮುಂದೆ ಹೊಳಿಯಪ್ಪ ಬೆನ್ನುನೋವು ಮರೆತ. ಹುಬ್ಬಳ್ಳಿಯ ಯಾವ ಓಣಿಯಲ್ಲಿ ಎಷ್ಟು ಗಂಟೆಗೆ ಹೊಡೆದಾಟವಾಯಿತು, ಮಚ್ಚು ಎಷ್ಟು ಉದ್ದ ಇತ್ತು, ಎಲ್ಲಾ ಅವನ ಬಾಯಲ್ಲೇ ಇರುತ್ತಿತ್ತು.

ಆ ಫೆಬ್ರುವರಿಯಲ್ಲಿ ಹುಬ್ಬಳ್ಳಿ ಖರೇನೇ ಕೆಟ್ಟಿತ್ತು ಅನ್ನಿ. ಮೊದಲು ಒಬ್ಬ ಆಟೊದವನಿಗೆ ಇರಿದರು. ವಾರ ಕಳೆಯುವುದರೊಳಗೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟಿದ್ದ ಹುಡುಗನೊಬ್ಬನನ್ನು ಬೈಕಿನ ಚಾವಿಗಾಗಿ ಕೊಂದರು. ಅವನ ತಾಯಿ ಎದೆ ಬಡಿದುಕೊಳ್ಳುವುದನ್ನು ಟೀವಿಯವರು ದಿನಕ್ಕೆ ಐವತ್ತು ಸಲ ತೋರಿಸಿದರು. ಫಕ್ಕೀರವ್ವ ಒಂದೇ ಸಲ ನೋಡಿದಳು. ನೋಡಿ ಒಲೆ ಮುಂದೆ ಹೋಗಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು.

ಟೀವಿಯಲ್ಲಿ ಆರು ಜನ ಆರು ಚೌಕಟ್ಟಿನಲ್ಲಿ ಕೂತು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಒಬ್ಬ ಗುಂಡು ಹಾಕಿ ಅಂತಿದ್ದ, ಇನ್ನೊಬ್ಬ ಹೊರಗಿನಿಂದ ಬಂದ ಹುಡುಗರನ್ನೆಲ್ಲಾ ಹಿಡಿದು ಒಳಗೆ ಹಾಕಿ ಅಂತಿದ್ದ. ಹೊಳಿಯಪ್ಪ ಈ ಕಡೆಯಿಂದ ಅವರಿಗೆ ಸೈ ಅನ್ನುತ್ತಿದ್ದ. ಮಗ ಮಾಲತೇಶ ಮಾರ್ಕೆಟ್ಟಿನಿಂದ ಬಂದು ಕೈಕಾಲು ತೊಳೆಯುತ್ತಾ ಒಂದು ಮಾತು ಕೇಳಿದ, ಹುಬ್ಬಳ್ಳಿಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗರೂ ಹೊರಗಿನವರೇ ಅಲ್ಲವೇ ಅಂತ. ಅಪ್ಪ ರಿಮೋಟು ಕೆಳಗಿಟ್ಟು ಮಗನ ಕಡೆ ತಿರುಗಿದ.

"ತಪ್ಪು ಮಾಡಲಾರದಾವ ಯಾಕ ಹೆದರ್ಬೇಕಲೇ?"

"ಹಿಡಿಯಾವಗ ಅದು ಗೊತ್ತಿರತೈತೇನ ಯಪ್ಪಾ?" ಅಂದ ಮಾಲತೇಶ. ಅಷ್ಟಕ್ಕೇ ಅಪ್ಪ-ಮಗನಿಗೆ ಜಗಳ ಹತ್ತಿ, ಫಕ್ಕೀರವ್ವ ನಡುವೆ ಮಜ್ಜಿಗೆ ತಂಬಿಗೆ ಇಟ್ಟು ಇಬ್ಬರ ಬಾಯನ್ನೂ ಮುಚ್ಚಿಸಬೇಕಾಯಿತು.

ಮಾಲತೇಶನ ವಿಷಯ ಇಲ್ಲೇ ಹೇಳಿಬಿಡಬೇಕು. ಹಾವೇರಿಯಲ್ಲಿ ಡಿಗ್ರಿ ಮುಗಿಸಿದವನು. ಸೋಮವಾರ, ಗುರುವಾರ ಸಂತೆ ದಿನ ಚೀಲ ಹೊರುತ್ತಿದ್ದ, ಉಳಿದ ದಿನ ಓದುತ್ತಿದ್ದ. ಕರೆಂಟಿನ ಇಲಾಖೆಯ ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿ, ಮೂರು ತಿಂಗಳು ಊರ ಹೊರಗಿನ ಹಳೇ ಕಂಬ ಹತ್ತಿ ಹತ್ತಿ ಮೊಣಕಾಲು ಕೆತ್ತಿಸಿಕೊಂಡು, ಕಂಬ ಹತ್ತುವ ಪರೀಕ್ಷೆ ಪಾಸಾಗಿದ್ದ. ಪಟ್ಟಿಯಲ್ಲಿ ಹೆಸರು ಬಂದಿತ್ತು. ಇನ್ನು ಉಳಿದಿದ್ದು ಒಂದೇ: ಈ ಹುಡುಗನ ಮೇಲೆ ಯಾವ ಕೇಸೂ ಇಲ್ಲ, ನಡತೆ ಚೊಲೋ ಐತಿ ಅಂತ ಪೊಲೀಸರು ಬರೆದುಕೊಡುವುದು. ಅದೊಂದು ಕಾಗದ ಬಂದರೆ ಆ ಮನೆಯಲ್ಲಿ ಚೀಲ ಹೊರುವುದು ಹೊಳಿಯಪ್ಪನ ತಲೆಮಾರಿಗೇ ಮುಗಿಯುತ್ತಿತ್ತು.

ಮಗಳು ಶಿಲ್ಪಾ ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಅಂಗಡಿಯ ಹುಡುಗ ಸತ್ತ ಮರುದಿನವೇ ಹೊಳಿಯಪ್ಪ ಅವಳಿಗೆ ಫೋನು ಹಚ್ಚಿ ಗಂಟುಮೂಟೆ ಕಟ್ಟು ಅಂದ. ಪರೀಕ್ಷೆಗೆ ನಾಲ್ಕು ತಿಂಗಳು ಉಳಿದದ, ಬರುವುದಿಲ್ಲ ಅಂದಳು ಅವಳು. ಜೀವ ಇದ್ದರ ಪರೀಕ್ಷೆ ಅಂದ ಇವನು. ದಿನಾ ಇದೇ ನಡೆಯಿತು. ಒಂದು ದಿನ ಹುಡುಗಿಗೆ ರೇಗಿ, "ಚಾಕು ಹಿಡದು ತಿರಗಾವ್ರು ಅವ್ರು, ಮನ್ಯಾಗ ಕುಂದ್ರಾಕಿ ನಾನೇನು? ಯಾವ ನ್ಯಾಯ ಯಪ್ಪಾ ಇದು?" ಅಂದಳು. ಫೋನಿನ ಆಚೆಯ ಆ ಮಾತು ಅಡಿಗೆಮನೆಯಲ್ಲಿದ್ದ ಫಕ್ಕೀರವ್ವನಿಗೂ ಕೇಳಿಸಿತು. ಅವಳು ಮನಸ್ಸಿನಲ್ಲೇ ಮಗಳ ಬೆನ್ನು ತಟ್ಟಿದಳು.

ಫಕ್ಕೀರವ್ವ ನಲವತ್ತು ವರ್ಷದಿಂದ ಸುಗ್ಗಿ ಬಂತೆಂದರೆ ಮಾರ್ಕೆಟ್ಟಿಗೆ ಹೋಗಿ ಕಾಯಿಯ ತುಂಬು ಬಿಡಿಸುವಾಕೆ. ತುಂಬು ಅಂದರೆ ತೊಟ್ಟು. ಬೆಳಗ್ಗೆ ಕೂತರೆ ಸಂಜೆಯ ತನಕ ಬೆರಳು ಆಡುತ್ತಲೇ ಇರಬೇಕು, ಬಾಯಿಗೆ ಅರಿವೆ ಕಟ್ಟಿಕೊಂಡಿರಬೇಕು, ಇಲ್ಲದಿದ್ದರೆ ಘಾಟಿಗೆ ಸೀನಿ ಸೀನಿ ಸಾಯಬೇಕು. ಜೊತೆಗೆ ಕೂಡುವ ಜೈತೂನಬಿಯ ಹತ್ತಿರ ಅವಳು ಮನೆಯ ಸಂಕಟವನ್ನೆಲ್ಲಾ ಹೇಳಿಕೊಳ್ಳುತ್ತಿದ್ದಳು. ಜೈತೂನಬಿ ಅರಿವೆಯ ಒಳಗಿಂದಲೇ ನಗುತ್ತಿದ್ದಳು. ನಮ್ಮ ಮನೆಯಲ್ಲೂ ಹಂಗ ಐತಿ ಅಕ್ಕಾ, ಗಂಡಸರಿಗೆ ಟೀವಿಯೊಳಗಿನ ಹುಬ್ಬಳ್ಳಿ ಅಷ್ಟೇ ಕಾಣತದ, ಟೀವಿ ಕೆಳಗಿನ ಕಸ ಕಾಣೂದಿಲ್ಲ ಅಂತಿದ್ದಳು.

ಕಡೆಗೆ ಹೊಳಿಯಪ್ಪ ತೀರ್ಪು ಕೊಟ್ಟ. ಐತವಾರ ಮಾಲತೇಶ ಹೋಗಿ ತಂಗಿಯನ್ನು ಟ್ರಂಕಿನ ಸಮೇತ ಕರೆದುಕೊಂಡು ಬರಬೇಕು. ಟ್ರಂಕು ಕಟ್ಟಲು ತಾನೇ ಅಟ್ಟದ ಮೇಲಿಂದ ಹಗ್ಗ ಇಳಿಸಿ, ಸುತ್ತಿ, ಮಗನ ಚೀಲಕ್ಕೆ ಹಾಕಿದ. ಫಕ್ಕೀರವ್ವ ಎದುರು ಮಾತಾಡಲಿಲ್ಲ. ಐತವಾರ ಬೆಳಗ್ಗೆ ಮಗನಿಗೆ ಚಹಾ ಕೊಡುವಾಗ ದನಿ ಇಳಿಸಿ, "ಟ್ರಂಕು ತಗೊಂಡು ಬಾ, ಆಕೀನ ಬಿಟ್ಟು ಬಾ. ನಿಮ್ಮಪ್ಪಗ ನಾ ಹೇಳ್ಕೋತೇನಿ," ಅಂದಳು. ಮಾಲತೇಶ ನಕ್ಕು ಚಹಾ ಕುಡಿದ.

ಬ್ಯಾಡಗಿಯಿಂದ ಹೋಗುವವನು ಖಾಲಿ ಕೈಯಲ್ಲಿ ಹೋಗುವುದುಂಟೇ? ಹಾಸ್ಟೆಲಿನ ಅಡಿಗೆಯವಳು ಮಂಗಳವ್ವ, ಶಿಲ್ಪಾಳ ಮೇಡಮ್ಮುಗಳು, ಎಲ್ಲರೂ ಖಾರದ ಪುಡಿ ಬೇಕು ಅಂದಿದ್ದರು. ಫಕ್ಕೀರವ್ವ ತಾನೇ ಆರಿಸಿ ಒಣಗಿಸಿ ಬೀಸಿಸಿದ ಖಾರವನ್ನು ಆರು ಪೊಟ್ಟಣ ಮಾಡಿದಳು. ಒಂದೊಂದರ ಬಾಯಿಗೂ ತನ್ನ ಹಳೇ ಗಿಳಿಹಸಿರು ಸೀರೆ ಹರಿದ ಚಿಂದಿ ಸುತ್ತಿ, ಮಾರ್ಕೆಟ್ಟಿನ ಹೆಂಗಸರು ಹಾಕುವ ಎರಡು ಗಂಟು ಹಾಕಿದಳು. ಆ ಗಂಟು ಬಿದ್ದರೆ ಹುಬ್ಬಳ್ಳಿಯಲ್ಲ, ಕಾಶಿ ತನಕ ಒಯ್ದರೂ ಒಂದು ಚಿಟಿಕೆ ಖಾರ ಸೋರುವುದಿಲ್ಲ. ಅದೇ ಸೀರೆಯ ಇನ್ನೊಂದು ಚಿಂದಿ ಮಗನ ಕೊಕ್ಕಿಯ ಹಿಡಿಕೆಗೂ ಸುತ್ತಿತ್ತು, ಅಂಗೈ ಬೊಬ್ಬೆ ಬರಬಾರದು ಅಂತ. ಕೊಕ್ಕಿ, ಸಂತೆಯಲ್ಲಿ ಘಾಟಿಗೆ ಅಂತ ಅವನು ಮುಖಕ್ಕೆ ಕಟ್ಟಿಕೊಳ್ಳುವ ವಸ್ತ್ರ ಎರಡೂ ಆ ಚೀಲದ ತಳದಲ್ಲೇ ಇದ್ದವು. ಅವನಿಗಿದ್ದುದು ಅದೊಂದೇ ಚೀಲ, ಸೋಮವಾರದ ಸಂತೆಗೂ ಅದೇ, ಐತವಾರದ ಊರಿಗೂ ಅದೇ.

ಹೀಗೆ ಅಪ್ಪನ ಹಗ್ಗ, ಅವ್ವನ ಖಾರ, ತನ್ನ ಕೊಕ್ಕಿ ಮೂರನ್ನೂ ಹೆಗಲಿಗೆ ಹಾಕಿಕೊಂಡು ಮಾಲತೇಶ ಬೆಳಗಿನ ರೈಲು ಹತ್ತಿದ.

ಮಧ್ಯಾಹ್ನ ಒಂದಕ್ಕೆ ಹೊಳಿಯಪ್ಪನ ಫೋನು ಟಿಂಗ್ ಅಂತು. ಅವನು ರೊಟ್ಟಿ ಮುರಿದವನು ಮುರಿದಂಗೇ ಹಿಡಿದು ಚಿತ್ರ ನೋಡಿದ. ಐದು ಜನ ಹುಡುಗರು ನೆಲದ ಮೇಲೆ ಕೂತಿದ್ದರು, ಐವರ ಮುಖಕ್ಕೂ ಬಟ್ಟೆ ಕಟ್ಟಿತ್ತು. ಮುಂದಿನ ಮೇಜಿನ ಮೇಲೆ ಸಾಮಾನು ಸಾಲಾಗಿ ಇಟ್ಟಿದ್ದರು. ಕೆಳಗೆ ಬರೆದದ್ದನ್ನು ಹೊಳಿಯಪ್ಪ ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದಿದ: 'ದರೋಡೆಗೆ ಸಂಚು, ಐವರು ಪೊಲೀಸರ ಬಲೆಗೆ. ಮಾರಕಾಸ್ತ್ರ, ಹಗ್ಗ, ಖಾರದ ಪುಡಿ ವಶ.'

ಓದಿದವನು ಸುಮ್ಮನೆ ಬಿಡಲಿಲ್ಲ. ಫೋನು ಬಾಯಿಗೆ ಹಿಡಿದು ಗುಂಪಿಗೆ ದನಿ ಹಾಕಿದ. "ಪೊಲೀಸರಿಗೆ ಶಾಬಾಸ್ ಅನ್ರಿ. ಇಂಥವ್ರ ಕಾಲು ಮುರೀಬೇಕು. ಇವರನ್ನೇನರ ಬಿಟ್ಟರ ನಾವು ಬ್ಯಾಡಗಿ ಮಂದಿ ಬಂದು ಠಾಣೆ ಮುಂದ ಕುಂದರ್ತೇವಿ." ಹಾಲಸಿದ್ದಪ್ಪ ಅದನ್ನು ಇನ್ನೂ ನಾಲ್ಕು ಗುಂಪಿಗೆ ದಾಟಿಸಿದ. ಹೊಳಿಯಪ್ಪ ಬೆರಳು ನೆಕ್ಕಿ ಚಿತ್ರವನ್ನು ಹೆಂಡತಿಯ ಕಡೆ ತಿರುಗಿಸಿದ.

ಫಕ್ಕೀರವ್ವ ಪಲ್ಯದ ಸೌಟು ಹಿಡಿದೇ ಬಗ್ಗಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಸಾಮಾನು ನೋಡಿದಳು. ಮೇಜಿನ ಮೇಲೆ ಆರು ಪೊಟ್ಟಣ. ಆರರ ಬಾಯಿಗೂ ಗಿಳಿಹಸಿರು ಚಿಂದಿ. ಎರಡು ಗಂಟು. ಪಕ್ಕದಲ್ಲಿ ಗಿಳಿಹಸಿರು ಹಿಡಿಕೆಯ ಕೊಕ್ಕಿ.

ಸೌಟು ತಾಟಿನಲ್ಲಿ ಬಿತ್ತು.

"ನಮ್ಮ ಖಾರ ಅದು," ಅಂದಳು. "ಶಿಲ್ಪಾನ ಅಪ್ಪಾ, ನಮ್ಮ ಮಾಲ್ಯಾ ಅವ. ಎಡಕ್ಕ ಕುಂತಾವ. ಮಾರಿಗೆ ಕಟ್ಟಿದ್ದು ಅವನ ಘಾಟಿನ ವಸ್ತ್ರನ."

ಹೊಳಿಯಪ್ಪನಿಗೆ ಮೊದಲು ಸಿಟ್ಟು ಬಂತು, ಹುಚ್ಚಿಯಂಗ ಮಾತಾಡಬ್ಯಾಡ ಅಂದ. ಅಷ್ಟರಲ್ಲಿ ಶಿಲ್ಪಾಳ ಫೋನು ಬಂತು, ಅಣ್ಣ ಇನ್ನೂ ಬಂದಿಲ್ಲ, ಅವನ ಫೋನು ಹತ್ತಂಗಿಲ್ಲ ಅಂತ. ಹೊಳಿಯಪ್ಪ ಎದ್ದು ನಿಂತ, ಮತ್ತೆ ಕೂತ. ಗುಂಪಿಗೆ ಹಾಕಿದ ದನಿಯನ್ನು ಅಳಿಸಲು ನೋಡಿದ. ಅವಸರದಲ್ಲಿ ಏನೇನೋ ಒತ್ತಿ, ಅದೇ ಫೋನಿನಿಂದ ಅವನದೇ ಮಾತು ಮತ್ತೆ ಹೊರಬಂತು, ಇಂಥವ್ರ ಕಾಲು ಮುರೀಬೇಕು. ಫಕ್ಕೀರವ್ವ ಫೋನು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ," ಅಂದಳು.

ಇಬ್ಬರೂ ಹುಬ್ಬಳ್ಳಿಯ ಬಸ್ಸು ಹತ್ತಿದರು. ಹಾವೇರಿ ದಾಟಿದ ಮೇಲೆ ಹೊಳಿಯಪ್ಪ ಒಂದೇ ಒಂದು ಮಾತು ಆಡಿದ, ಮಾರಿ ಮುಚ್ಚೈತಿ, ಯಾರಿಗೂ ಗುರ್ತು ಸಿಗೂದಿಲ್ಲ ಅಂತ. ಫಕ್ಕೀರವ್ವ ಕಿಟಕಿಯ ಹೊರಗೆ ನೋಡಿದಳು. ಇವನಿಗೆ ಮಗನ ಕಾಲಿನ ಚಿಂತೆಯಿಲ್ಲ, ಗುರುತಿನ ಚಿಂತೆ ಅನಿಸಿ ಅವಳಿಗೆ ಮೈ ಉರಿಯಿತು.

ಫೋನಿನಲ್ಲೇ ವಿಷಯ ತಿಳಿದ ಶಿಲ್ಪಾ, ಠಾಣೆ ಯಾವುದಂತ ವಿಚಾರಿಸಿಕೊಂಡು ಆಗಲೇ ಅದರ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಅವಳ ಪಕ್ಕದಲ್ಲಿ ಸೋಮವ್ವ ಅನ್ನುವ ಹೆಂಗಸು, ಅವಳ ಮಗನೂ ಆ ಐವರಲ್ಲಿ ಒಬ್ಬ, ಗೌಂಡಿ, ಅಂದರೆ ಗಾರೆ ಕೆಲಸದವನು. ನಡೆದದ್ದು ಇಷ್ಟೇ. ಮಾಲತೇಶ ರೈಲಿಳಿದು ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಅಲ್ಲೇ ಬೇರೆ ನಾಲ್ವರು ಕೆಲಸಕ್ಕೆ ಕರೆಯುವವರಿಗಾಗಿ ಕಾದು ನಿಂತಿದ್ದರು. ಜೀಪು ಬಂತು, ಚೀಲ ಬಿಚ್ಚಿಸಿದರು, ಕೊಕ್ಕಿ ಕಂಡಿತು, ಖಾರ ಕಂಡಿತು. ಐವರೂ ಒಂದೇ ಗುಂಪು ಅಂತ ಅಲ್ಲೇ ತೀರ್ಮಾನವಾಯಿತು. ಚಾಕು ಹಾಕಿ ಕೊಂದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ, ಚಹಾ ಕುಡಿದವರು ಒಳಗಿದ್ದರು.

ಸಾಹೇಬರು ಮೈಸೂರು ಕಡೆಯವರು. ಕೆಟ್ಟ ಮನುಷ್ಯ ಅಂತ ಕಾಣಲಿಲ್ಲ, ನಿದ್ದೆಗೆಟ್ಟ ಮನುಷ್ಯ. ಹೊಳಿಯಪ್ಪ ಕೈಮುಗಿದು ಗೋಡೆಗೆ ಒರಗಿ ನಿಂತ. ಮಾಲತೇಶ ಆ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದ, ಕೆನ್ನೆ ಊದಿತ್ತು. ಮೇಜಿನ ಮೇಲೆ ಪೊಟ್ಟಣಗಳು ಹಾಗೇ ಇದ್ದವು. ಫಕ್ಕೀರವ್ವ ನೆಟ್ಟಗೆ ಮೇಜಿನ ಹತ್ತಿರ ಹೋದಳು.

ಖಾರ ತಂದದ್ದು ಯಾಕೆ ಅಂತ ಸಾಹೇಬರು ಕೇಳಿದರು. ಕಣ್ಣಿಗೆ ಎರಚಿ ಸುಲಿಗೆ ಮಾಡೋರು ಇದನ್ನೇ ತರೋದು ಅಂದರು.

"ಸಾಹೇಬ್ರ, ಒಂದು ಪೊಟ್ಟಣ ಬಿಚ್ಚಿಸ್ರಿ ನೋಡೋಣು," ಅಂದಳು ಫಕ್ಕೀರವ್ವ.

ಸಾಹೇಬರು ಪೇದೆಗೆ ಸನ್ನೆ ಮಾಡಿದರು. ಪೇದೆ ಉಗುರು ಹಾಕಿದ, ಬರಲಿಲ್ಲ. ಹಲ್ಲು ಹಾಕಿದ, ಚಿಂದಿ ಬಾಯಿಗೆ ಬಂತೇ ಹೊರತು ಗಂಟು ಬಿಚ್ಚಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಹೋಯಿತು. ಪೇದೆಯ ಹಣೆಯ ಮೇಲೆ ಬೆವರು ಬಂತು.

"ಕಳತನಕ್ಕ ಹೊಂಟಾವ ಹಿಂಗ ಎರಡು ಗಂಟು ಹಾಕ್ಕೊಂಡು ಬರ್ತಾನೇನ್ರಿ? ಇದನ್ನ ಬಿಚ್ಚೂದರಾಗ ಸುಲಿಗೆ ಮಾಡಿಸ್ಕೊಳ್ಳಾವ ಮನಿಗೆ ಹೋಗಿ ಉಂಡು ಮಲಗಿರ್ತಾನ. ಊರಿಗೆ ಒಯ್ಯೂ ಗಂಟ್ರೀ ಇದು. ಸೋರಬಾರದಂತ ಹಾಕಿದ್ದು."

ಆಮೇಲೆ ತಾನೇ ಬೆರಳ ತುದಿಯಿಂದ ಗಂಟನ್ನು ಎರಡು ಸಲ ತಿರುವಿ ಬಿಚ್ಚಿದಳು. ಒಂದು ಹಿಡಿ ಖಾರ ತೆಗೆದು ಬಾಯಿಗೆ ಹಾಕಿಕೊಂಡು, ಸಾಹೇಬರ ಮುಖ ನೋಡುತ್ತಲೇ ಅಗಿದು ನುಂಗಿದಳು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಬಾಗಿಲಲ್ಲಿ ನಿಂತಿದ್ದ ಶೈಲಶ್ರೀ ಅನ್ನುವ ಹೆಣ್ಣು ಪೇದೆ ಮುಂದೆ ಬಂದಳು. ಅವಳು ರಾಣೆಬೆನ್ನೂರಿನವಳು. ಸರ್, ಇದು ಬ್ಯಾಡಗಿ ಕಾಯಿ, ಬಣ್ಣಕ್ಕ ಹಾಕೋದು, ಉರಿಗಲ್ಲ, ಸುಲಿಗೆ ಮಾಡೋರು ಗುಂಟೂರು ಕಾಯಿ ತರ್ತಾರೇ ವಿನಾ ಇದನ್ನ ತರೋದಿಲ್ಲ ಅಂದಳು. ಕೊಕ್ಕಿಯನ್ನೂ ಎತ್ತಿ ತೋರಿಸಿ, ನಮ್ಮ ಕಡೆ ಪ್ರತಿ ಹಮಾಲನ ಹತ್ರ ಇದು ಇರತದ ಅಂದಳು.

ಸಾಹೇಬರು ಕೊಕ್ಕಿ ಇಸಿದುಕೊಂಡು ತಿರುವಿ ನೋಡಿ ಮೇಜಿನ ಮೇಲಿಟ್ಟರು. ಆಮೇಲೆ, "ನೀವು ಹೇಳೋದು ನಿಜ ಇರಬಹುದು, ಅಮ್ಮ. ಆದರೆ ಸುದ್ದಿ ಹೊರಗೆ ಹೋಗಿಬಿಟ್ಟಿದೆ. ಈಗ ಬಿಟ್ಟರೆ ಜನ ನಮ್ಮನ್ನ ಬಿಡಲ್ಲ. ಕೇಳಿ, ನಿಮ್ಮ ಊರಿನವರೇ ಏನಂತಾರೆ," ಅಂದು ತಮ್ಮ ಫೋನು ಒತ್ತಿದರು.

ಇಂಥವ್ರ ಕಾಲು ಮುರೀಬೇಕು, ಅಂತು ಫೋನು. ಇವರನ್ನೇನರ ಬಿಟ್ಟರ ನಾವು ಬ್ಯಾಡಗಿ ಮಂದಿ ಬಂದು ಠಾಣೆ ಮುಂದ ಕುಂದರ್ತೇವಿ.

ಮೂಲೆಯಲ್ಲಿ ಮಾಲತೇಶ ತಲೆ ಎತ್ತಿ ಅಪ್ಪನನ್ನು ನೋಡಿದ. ಆ ನೋಟವನ್ನು ಫಕ್ಕೀರವ್ವ ಕಂಡಳು. ಊದಿದ ಕೆನ್ನೆಗಿಂತ ಅದೇ ಅವಳನ್ನು ಹೆಚ್ಚು ಇರಿಯಿತು. ಶಿಲ್ಪಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೊಳಿಯಪ್ಪ ನೆಲದ ಫರಸಿ ನೋಡುತ್ತಾ ನಿಂತಿದ್ದ.

"ಆ ಮಾತು ಆಡಿದಾವ ಇಲ್ಲೇ ನಿಂತಾನ್ರಿ ಸಾಹೇಬ್ರ," ಅಂದಳು ಫಕ್ಕೀರವ್ವ. "ಕೇಳ್ರಿ ಅವನ್ನ. ಇವನ್ನ ಬಿಟ್ಟರ ಬಂದು ಕುಂದರ್ತೀಯೇನು ಅಂತ ಕೇಳ್ರಿ."

ಹೊಳಿಯಪ್ಪ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ನಂದ ಐತ್ರಿ ಅದು. ಇವ ನನ್ನ ಮಗ. ನನಗ ಗೊತ್ತಿರಲಿಲ್ಲರಿ."

ಸಾಹೇಬರು ಹಾಸ್ಟೆಲಿಗೆ ಫೋನು ಹಚ್ಚಿ ವಿಚಾರಿಸಿದರು, ಆಧಾರ್ ಕಾರ್ಡು ನೋಡಿದರು, ಕರೆದಾಗ ಬರಬೇಕು ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿದರು. ಮಾಲತೇಶನನ್ನು ಕೇಸು ಹಾಕದೆ ಬಿಟ್ಟರು, ಉಳಿದ ನಾಲ್ವರು ಒಳಗೇ ಉಳಿದರು. ಹಗ್ಗ ಕೊಟ್ಟರು, ಕೊಕ್ಕಿ ಕೊಟ್ಟರು. ಖಾರ ಮಾತ್ರ ಇಲ್ಲೇ ಇರಲಿ ಅಂದ ಒಬ್ಬ ಪೇದೆ. ದರೋಡೆಯ ಸಾಮಾನು ಅಂತ ಮೇಜಿನ ಮೇಲೆ ಸಾಲಾಗಿ ಇಟ್ಟ ಖಾರ ಆ ವಾರ ಯಾರ್ಯಾರ ಮನೆಯ ಸಾರಿಗೆ ಬಿತ್ತೋ ಏನೋ. ಹೊರಗೆ ಬರುವಾಗ ಮೆಟ್ಟಿಲ ಮೇಲೆ ಸೋಮವ್ವ ಫಕ್ಕೀರವ್ವನ ಸೆರಗು ಹಿಡಿದು, ನನ್ನ ಮಗನ ಸಲುವಾಗಿ ನಾ ಏನ ತಿಂದು ತೋರಸಲಿ ಅಕ್ಕಾ, ಅವನ ಹತ್ರ ಏನೂ ಇರಲಿಲ್ಲ ಅಂದಳು. ಫಕ್ಕೀರವ್ವ ಅವಳ ಕೈಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತು ಎದ್ದಳು.

ಶಿಲ್ಪಾ ಹಾಸ್ಟೆಲಿಗೇ ಹೋದಳು, ಟ್ರಂಕೂ ಅಲ್ಲೇ ಉಳಿಯಿತು. ಹೊಳಿಯಪ್ಪ ಬಾ ಅನ್ನಲಿಲ್ಲ.

ಮನೆಗೆ ಬಂದ ಮೇಲೆ ಅವನು ಒಂದೇ ಮಾತಿಗೆ ಗಂಟುಬಿದ್ದ: ಇದು ನಮ್ಮ ನಾಲ್ವರ ಬಾಯಿ ದಾಟಬಾರದು. ಮಾರಿ ಮುಚ್ಚಿತ್ತು, ದೇವರು ಮರ್ಯಾದೆ ಉಳಿಸಿದ. ಪೊಲೀಸರು ನೌಕರಿಯ ತನಿಖೆಗೆ ಬರುವವರಿದ್ದಾರೆ, ಓಣಿಯ ಇಬ್ಬರ ಸಹಿ ಬೇಕು, ಹಾಲಸಿದ್ದಪ್ಪ ಒಂದು ಹಾಕುತ್ತೇನೆ ಅಂದಿದ್ದಾನೆ. ಅವನ ಕಿವಿಗೆ ಬಿದ್ದರೆ ಆಟ ಮುಗಿಯಿತು. ಫಕ್ಕೀರವ್ವ ಜಗಳ ತೆಗೆದಳು. ತಪ್ಪಾಯಿತು, ಅವರು ಕಳ್ಳರಲ್ಲ ಅಂತ ಅದೇ ಗುಂಪಿಗೆ ಅದೇ ಬಾಯಿಂದ ಹೇಳಿರಿ ಅಂದಳು. ನಾಳೆ, ನಾಡಿದ್ದು, ಸಹಿ ಆದ ಮೇಲೆ, ಆರ್ಡರು ಬಂದ ಮೇಲೆ ಅಂತ ಅವನು ಮುಂದೆ ಹಾಕುತ್ತಾ ಹೋದ.

ಮಾಲತೇಶ ಅಪ್ಪನ ಜೊತೆ ಮಾತು ಬಿಟ್ಟ. ನಾಲ್ಕು ರೊಟ್ಟಿ ತಿನ್ನುತ್ತಿದ್ದವನು ಒಂದಕ್ಕೆ ಕೈತೊಳೆಯುತ್ತಿದ್ದ. ಸೋಮವಾರ ಸಂತೆಗೆ ಹೋದವನು ಮುಖಕ್ಕೆ ವಸ್ತ್ರ ಕಟ್ಟಿಕೊಳ್ಳಲಿಲ್ಲ. ಕಾಯಿಯ ಘಾಟು ಮೂಗಿಗೆ ಹೊಡೆದು, ಸೀನಿ, ಕೆಮ್ಮಿ, ಕಣ್ಣು ಕೆಂಡವಾದರೂ ಕಟ್ಟಲಿಲ್ಲ. ಗುರುವಾರವೂ ಹಾಗೇ. ಜೈತೂನಬಿ ದೂರದಿಂದ ನೋಡಿ, ಹುಡುಗಗೇನಾಗೇತಿ ಅಕ್ಕಾ ಅಂತ ಕೇಳಿದಾಗ ಫಕ್ಕೀರವ್ವ ಕಾಯಿಯ ರಾಶಿ ನೋಡುತ್ತಾ ಎಲ್ಲಾ ಹೇಳಿಬಿಟ್ಟಳು. ಜೈತೂನಬಿ ಅಂದು ನಗಲಿಲ್ಲ. ಸಹಿ ಬೇಕಾದರ ನಾ ಹಾಕ್ತೇನಿ, ನಾನೂ ಅದೇ ಓಣಿಯಾಕಿ ಅಂದಳು.

ಹೀಗೆ ಮೂರು ವಾರ ಕಳೆಯಿತು. ಬುಧವಾರ ತನಿಖೆಗೆ ಬರುತ್ತೇವೆ ಅಂತ ಬ್ಯಾಡಗಿ ಠಾಣೆಯಿಂದ ಫೋನು ಬಂತು. ಸಹಿಯ ಮಾತಾಡಲು ಹೊಳಿಯಪ್ಪ ಸೋಮವಾರ ಸಂಜೆ ಹಾಲಸಿದ್ದಪ್ಪನನ್ನು ಮನೆಗೆ ಕರೆದ. ಫಕ್ಕೀರವ್ವ ತನ್ನ ಖಾರವನ್ನೇ ಹಾಕಿ ಮಂಡಕ್ಕಿ ಕಲಸಿ ಅವನ ಮುಂದೆ ಇಟ್ಟಳು. ಮಾಲತೇಶ ಅಡಿಗೆಮನೆಯ ಹೊಸ್ತಿಲ ಹತ್ತಿರ ತಾಟಿನ ಮುಂದೆ ಕೂತಿದ್ದ. ಟೀವಿ ಹಚ್ಚಿತ್ತು. ಹುಬ್ಬಳ್ಳಿಯಲ್ಲಿ ಮತ್ತೊಬ್ಬನಿಗೆ ಚಾಕು ಬಿದ್ದಿತ್ತು, ಆರು ಜನ ಆರು ಚೌಕಟ್ಟಿನಲ್ಲಿ ಕೂಗುತ್ತಿದ್ದರು, ಹಿಂದೆ ಒಂದು ಚಿತ್ರ ಹಾಕಿದ್ದರು.

ಐದು ಮುಸುಕು. ಆರು ಗಿಳಿಹಸಿರು ಗಂಟು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಅದೇನಂತ ಫಕ್ಕೀರವ್ವ ಕೇಳಿದಳು. 'ಸಾಂದರ್ಭಿಕ ಚಿತ್ರ' ಅಂತ ಹಾಲಸಿದ್ದಪ್ಪ ಓದಿ ಹೇಳಿದ. ಅಂದರೆ ಇವರೇ ಅಂತಲ್ಲ, ಇಂಥವರು ಅಂತ. ಹೇಳಿ, ಬಾಯಿತುಂಬ ಮಂಡಕ್ಕಿ ಅಗಿಯುತ್ತಾ, "ನೀ ಅವತ್ತ ಹೇಳಿದ್ದಿ ನೋಡು ಹೊಳಿಯಪ್ಪ, ಕಾಲು ಮುರೀಬೇಕು ಅಂತ. ಖರೇ ಮಾತದು. ಅಲ್ಲೇನು?" ಅಂದ.

ಮಾಲತೇಶನ ಕೈ ತಾಟಿನಲ್ಲಿ ನಿಂತಿತು. ಫಕ್ಕೀರವ್ವ ಗಂಡನ ಮುಖ ನೋಡಿದಳು. ಈಗ ಹೇಳುತ್ತಾನೆ, ಈಗ ಹೇಳದೆ ಇನ್ನು ಯಾವಾಗ ಹೇಳುತ್ತಾನೆ ಅಂತ ಕಾದಳು.

"ಹೂಂ," ಅಂದ ಹೊಳಿಯಪ್ಪ.

ಆ ಒಂದು ಹೂಂ ಕೇಳಿದ್ದೇ ಫಕ್ಕೀರವ್ವನಿಗೆ ನೌಕರಿ, ಸಹಿ, ಓಣಿ ಎಲ್ಲಾ ಮರೆತುಹೋಯಿತು. ಗಂಡನ ತೊಡೆಯ ಪಕ್ಕದಲ್ಲಿದ್ದ ಫೋನು ಎತ್ತಿದಳು. ಅವನು ದನಿ ಹಾಕುವುದನ್ನು ದಿನಾ ನೋಡಿದ್ದಳು, ಯಾವುದನ್ನು ಒತ್ತಿ ಹಿಡಿಯಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಹೊಳಿಯಪ್ಪ ಕೈಚಾಚಿದ, ಅವಳು ಒಲೆಯ ಕಡೆ ಸರಿದು ನಿಂತಳು.

"ನಾನು ಫಕ್ಕೀರವ್ವ, ಹಮಾಲ ಹೊಳಿಯಪ್ಪನ ಹೆಂಡತಿ. ಟೀವಿಯಾಗ ತೋರಸಾಕತ್ತಾರಲ್ಲ ಖಾರ, ಅದು ನಾ ಬೀಸಿಸಿದ್ದು. ಗಂಟು ನಾ ಹಾಕಿದ್ದು. ಹಗ್ಗ ಹಾಕಿದಾವ ಅವರಪ್ಪ. ಎಡಕ್ಕ ಮುಸುಕು ಹಾಕ್ಕೊಂಡು ಕುಂತಾವ ನನ್ನ ಮಗ ಮಾಲತೇಶ, ತಂಗಿ ಕಡೆ ಹೊಂಟಿದ್ದ. ಪೊಲೀಸರ ಬಿಟ್ಟ ಕಳಿಸ್ಯಾರ, ನೀವು ಇನ್ನೂ ಬಿಟ್ಟಿಲ್ಲ. ಕೊಂದಾವನ್ನ ಹಿಡೀರಿ, ನಾನೂ ಬಂದು ಠಾಣೆ ಮುಂದ ಕುಂದರ್ತೇನಿ. ಚಹಾ ಕುಡಿಯಾವನ್ನ ಹಿಡದು ಕಾಲು ಮುರೀಬೇಕು ಅಂದ್ರ, ಬರ್ರಿ ನನ್ನ ಬಾಗಲಿಗೆ. ಮದಲ ನನ್ನ ಕಾಲು ಮುರೀರಿ."

ಬೆರಳು ಬಿಟ್ಟಳು. ಹಾಲಸಿದ್ದಪ್ಪನ ಅಂಗಿಯ ಕಿಸೆಯಲ್ಲಿ ಫೋನು ಟಿಂಗ್ ಅಂತು.

ಅವನು ಅದನ್ನು ತೆಗೆದು ನೋಡಲಿಲ್ಲ. ಮಂಡಕ್ಕಿಯ ತಾಟು ಕೆಳಗಿಟ್ಟ, ಬೆರಳಿಗೆ ಹತ್ತಿದ ಕೆಂಪನ್ನು ನೋಡಿಕೊಂಡ, ಒರೆಸಿಕೊಂಡ. ಹೊಳಿಯಪ್ಪನ ಮುಖ ನೋಡಿದ, ಹೊಸ್ತಿಲ ಹತ್ತಿರದ ಹುಡುಗನನ್ನೂ ನೋಡಿದ. ಬುಧವಾರದ್ದು ಬುಧವಾರ ನೋಡೂಣು ಅಂತ ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಹೊಳಿಯಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಮುಗೀತು, ನೌಕರಿ ಮುಗೀತು, ಹಾಳು ಮಾಡಿದಿ ಮನೀನ ಅಂದ.

"ಜೈತೂನಬಿ ಹಾಕ್ತಾಳ ಸಹಿ. ಇನ್ನೊಂದು ನಾ ಓಣಿ ತುಂಬಾ ಮನಿ ಮನಿ ಹತ್ತಿ ಕೇಳ್ತೇನಿ," ಅಂದಳು ಫಕ್ಕೀರವ್ವ. "ಹೇಳೇ ಕೇಳ್ತೇನಿ. ಮುಚ್ಚಿ ಕೇಳೂದಿಲ್ಲ."

ಟೀವಿಯಲ್ಲಿ ಆರು ಜನ ಇನ್ನೂ ಕೂಗುತ್ತಲೇ ಇದ್ದರು. ಅವಳು ಹೋಗಿ ಅದರ ಬಾಯಿ ಬಂದ್ ಮಾಡಿದಳು. ಬುಟ್ಟಿಯ ಅರಿವೆ ಸರಿಪಡಿಸುವ ನೆವ ಮಾಡಿ ಒಲೆಯ ಕಡೆ ತಿರುಗಿ ಕೂತಳು.

ಹಿಂದಿನಿಂದ ತಾಟು ಸರಿಸಿದ ಸಪ್ಪಳವಾಯಿತು.

"ಯವ್ವಾ," ಅಂದ ಮಾಲತೇಶ, "ಇನ್ನೊಂದು ರೊಟ್ಟಿ ಹಾಕು."